ಯುಐಕಿಟ್ ವ್ಯೂಗಳ ನಡುವೆ ಮೆಟಲ್ ಚಿತ್ರಣವನ್ನು ಕೂರಿಸುವ ಕ್ರಮ

ಆ್ಯಪಲ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಮೆಟಲ್ ಬಳಸಿ ಪರದೆಯ ಮೇಲೆ ಬಣ್ಣದ ತ್ರಿಕೋನ ಬಿಡಿಸುವುದನ್ನು ಕಲಿಸುವ ಪಾಠಗಳು ಬೇಕಾದಷ್ಟಿವೆ. ಆದರೆ ಅದೇ ತ್ರಿಕೋನವನ್ನು ಬಟನ್, ಪಟ್ಟಿ, ನ್ಯಾವಿಗೇಶನ್ ಬಾರ್‌ಗಳಿರುವ ನಿಜವಾದ ಆ್ಯಪ್ ಒಂದರೊಳಗೆ ತಂದು ಕೂರಿಸಿದಾಗ ಬೇರೆಯದೇ ಬಗೆಯ ತೊಡಕುಗಳು ತಲೆ ಎತ್ತುತ್ತವೆ: ಫೋನನ್ನು ತಿರುಗಿಸಿದಾಗ ಚಿತ್ರ ಒಂದು ಕ್ಷಣ ಅಡ್ಡಡ್ಡ ಎಳೆದುಕೊಳ್ಳುತ್ತದೆ, ಪಟ್ಟಿಯನ್ನು ಸ್ಕ್ರೋಲ್ ಮಾಡುವಾಗ ಅನಿಮೇಶನ್ ನಿಂತುಹೋಗುತ್ತದೆ, ಆ ಪುಟದಿಂದ ಹೊರಬಂದ ಮೇಲೂ ಬ್ಯಾಟರಿ ಕರಗುತ್ತಲೇ ಇರುತ್ತದೆ. ಇವುಗಳಲ್ಲಿ ಯಾವುದೂ ಶೇಡರ್‌ನ, ಅಂದರೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಓಡುವ ಸಣ್ಣ ಪ್ರೋಗ್ರಾಂನ, ತಪ್ಪಲ್ಲ. ಚಿತ್ರದ ಅಳತೆ ಎಷ್ಟು, ಯಾವಾಗ ಬಿಡಿಸಬೇಕು, ಎಲ್ಲಿಯವರೆಗೆ ಬಿಡಿಸುತ್ತಿರಬೇಕು ಎಂಬ ಪ್ರಶ್ನೆಗಳಿಗೆ, ಬಟನ್, ಪಟ್ಟಿಗಳಂಥ ವ್ಯೂಗಳನ್ನು ಕೊಡುವ ಯುಐಕಿಟ್‌ನಲ್ಲಿ ಒಂದು ಉತ್ತರವಿದೆ, ಮೆಟಲ್‌ನಲ್ಲಿ ಇನ್ನೊಂದಿದೆ. ಇಬ್ಬರೂ ತಮ್ಮದೇ ನಡೆಯಬೇಕೆಂದು ಹೊರಟಾಗ ಹೀಗಾಗುತ್ತದೆ. ಆದ್ದರಿಂದ ಪ್ರತಿಯೊಂದು ವಿಷಯದಲ್ಲೂ ತೀರ್ಮಾನ ಯಾರದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕೋಡ್ ಬರೆಯುವುದು ಒಳ್ಳೆಯದು, ಮತ್ತು ಈ ಬರಹ ಸಾಗುವುದೂ ಅದೇ ದಾರಿಯಲ್ಲಿ.

ಮೆಟಲ್ ಬಂದದ್ದು 2014ರಲ್ಲಿ. ಅದನ್ನು ವ್ಯೂ ವ್ಯವಸ್ಥೆಗೆ ಜೋಡಿಸುವ ಕೆಲಸವನ್ನು ಹಗುರಗೊಳಿಸುವ ಮೆಟಲ್‌ಕಿಟ್ ಮರುವರ್ಷ, ಐಓಎಸ್ 9ರ ಜೊತೆಗೆ ಬಂತು. 2018ರ ಐಓಎಸ್ 12ರಲ್ಲಿ ಮೆಟಲ್‌ಗಿಂತ ಹಿಂದಿನ ಗ್ರಾಫಿಕ್ಸ್ ವ್ಯವಸ್ಥೆಯಾದ ಓಪನ್‌ಜಿಎಲ್ ಇಎಸ್ ಅನ್ನು ಬಳಕೆಯಿಂದ ಹಿಂದೆ ಸರಿಸಬೇಕಾದ ಪಟ್ಟಿಗೆ ಸೇರಿಸಲಾಯಿತು. ಅದರಿಂದ ಬಿಡಿಸುತ್ತಿದ್ದ ಹಳೆಯ ಜಿಎಲ್‌ಕೆವ್ಯೂ ಮೇಲೆ ನಿಂತಿರುವ ಕೋಡ್ ಇನ್ನೂ ಕೈಯಲ್ಲಿರುವವರಿಗೆ ಇಲ್ಲಿನ ಮಾತುಗಳು ಹೆಚ್ಚು ಉಪಯೋಗಕ್ಕೆ ಬಂದಾವು.

ಲೇಯರ್: ಎರಡನ್ನೂ ಸೇರಿಸುವ ಕೊಂಡಿ

ಪ್ರತಿಯೊಂದು ಯುಐವ್ಯೂ ಹಿಂದೆ ಒಂದು ಸಿಎಲೇಯರ್ ಇರುತ್ತದೆ. ಸ್ಪರ್ಶವನ್ನು ಗ್ರಹಿಸುವುದು, ತನ್ನ ಜಾಗವನ್ನು ಲೆಕ್ಕಹಾಕುವುದು ವ್ಯೂನ ಕೆಲಸ. ಕಣ್ಣಿಗೆ ಕಾಣುವ ಪಿಕ್ಸೆಲ್‌ಗಳು ಇರುವುದು ಲೇಯರ್‌ನಲ್ಲಿ. ಎಲ್ಲ ಲೇಯರ್‌ಗಳನ್ನೂ ಒಂದರ ಮೇಲೊಂದಿಟ್ಟು ಪರದೆಗೆ ಕೊಡುವುದು ಕೋರ್ ಅನಿಮೇಶನ್, ಮತ್ತು ಆ ಜೋಡಣೆ ನಡೆಯುವುದು ನಿಮ್ಮ ಆ್ಯಪ್‌ನ ಹೊರಗಿನ ಬೇರೊಂದು ಪ್ರಕ್ರಿಯೆಯಲ್ಲಿ. ಸಿಎಮೆಟಲ್‌ಲೇಯರ್ ಕೂಡ ಇಂಥದ್ದೇ ಒಂದು ಲೇಯರ್. ವ್ಯತ್ಯಾಸವೆಂದರೆ, ಅದರೊಳಗಿನ ಚಿತ್ರವನ್ನು ಮೆಟಲ್ ಬಿಡಿಸಿ ಒಪ್ಪಿಸುತ್ತದೆ. ಹೀಗಿರುವುದರಿಂದಲೇ ಮೆಟಲ್ ಚಿತ್ರದ ಮೇಲೆ ಒಂದು ಯುಐಲೇಬಲ್ ಇಡುವುದಕ್ಕೋ, ಅದರ ಮೂಲೆಗಳನ್ನು ದುಂಡಗೆ ಮಾಡುವುದಕ್ಕೋ ವಿಶೇಷವಾಗಿ ಏನೂ ಮಾಡಬೇಕಾಗಿಲ್ಲ.

ಈ ಲೇಯರ್ ಅನ್ನು ವ್ಯೂಗೆ ಕೊಡುವ ಸರಿಯಾದ ಮಾರ್ಗಗಳು ಎರಡು. ಮೊದಲನೆಯದು ಮೆಟಲ್‌ಕಿಟ್‌ನ ಎಂಟಿಕೆವ್ಯೂ ಅನ್ನು ಇದ್ದಹಾಗೆಯೇ ಬಳಸುವುದು. ಎರಡನೆಯದು ಯುಐವ್ಯೂನ ಉಪವರ್ಗವೊಂದನ್ನು ಬರೆದು, ಅದರ ಲೇಯರ್‌ಕ್ಲಾಸ್ ಎಂಬ ವರ್ಗಮಟ್ಟದ ಗುಣವನ್ನು ಓವರ್‌ರೈಡ್ ಮಾಡಿ ಸಿಎಮೆಟಲ್‌ಲೇಯರ್ ಅನ್ನು ಹಿಂದಿರುಗಿಸುವುದು. ಮ್ಯಾಕ್‌ನಲ್ಲಿ ಇದಕ್ಕೆ ಬದಲಾಗಿ ಎನ್‌ಎಸ್‌ವ್ಯೂನ ವಾಂಟ್ಸ್‌ಲೇಯರ್ ಅನ್ನು ನಿಜ ಎಂದಿಟ್ಟು, ಮೇಕ್‌ಬ್ಯಾಕಿಂಗ್‌ಲೇಯರ್ ವಿಧಾನದಲ್ಲಿ ಲೇಯರ್ ಅನ್ನು ಕೊಡಬೇಕು. ಬೇರೊಂದು ಥ್ರೆಡ್‌ನಲ್ಲಿ ಬಿಡಿಸಬೇಕಾದ ಅಗತ್ಯವೋ, ಸಮಯದ ಮೇಲೆ ಬಿಗಿಯಾದ ಹಿಡಿತದ ಅಗತ್ಯವೋ ಇಲ್ಲದಿದ್ದರೆ ಎಂಟಿಕೆವ್ಯೂ ಸಾಕು. ಆಳವನ್ನು ದಾಖಲಿಸುವ ಡೆಪ್ತ್ ಟೆಕ್ಸ್ಚರ್, ಅಂಚುಗಳನ್ನು ನುಣುಪಾಗಿಸುವ ಮಲ್ಟಿಸ್ಯಾಂಪಲ್ ಟೆಕ್ಸ್ಚರ್‌ಗಳನ್ನು (ಟೆಕ್ಸ್ಚರ್ ಎಂದರೆ ಜಿಪಿಯು ಓದಿ ಬರೆಯುವ ಚಿತ್ರ) ಅದೇ ನೋಡಿಕೊಳ್ಳುತ್ತದೆ.

ಮೂರನೆಯ ಮಾರ್ಗವೊಂದು ಮೇಲ್ನೋಟಕ್ಕೆ ಸುಲಭವಾಗಿ ಕಾಣುತ್ತದೆ: ಇರುವ ವ್ಯೂನ ಲೇಯರ್‌ಗೆ ಸಿಎಮೆಟಲ್‌ಲೇಯರ್ ಅನ್ನು ಉಪಲೇಯರ್ ಆಗಿ ಸೇರಿಸಿಬಿಡುವುದು. ಇದನ್ನು ಬಿಡುವುದೇ ಮೇಲು. ಐಓಎಸ್‌ನಲ್ಲಿ ಉಪಲೇಯರ್ ತನ್ನ ತಾಯಿಯ ಅಳತೆಗೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಅದರ ಮೇಲೆ, ವ್ಯೂಗೆ ಸೇರದ ಲೇಯರ್‌ನ ಫ್ರೇಮ್ ಬದಲಿಸಿದಾಗ ಕೋರ್ ಅನಿಮೇಶನ್ ತಾನೇ 0.25 ಸೆಕೆಂಡಿನ ಅನಿಮೇಶನ್ ಒಂದನ್ನು ಹಚ್ಚುತ್ತದೆ. ಯಾರೂ ಕೇಳದ ಈ ಜಾರಾಟ ಎಲ್ಲಿಂದ ಬಂತೆಂದು ಹುಡುಕುವುದರಲ್ಲಿ ಬಹಳ ಹೊತ್ತು ಹೋಗುತ್ತದೆ.

ರೆಂಡರರ್ ಅನ್ನು ವ್ಯೂನಿಂದ ಬೇರೆ ಇಡಿ

ಬಿಡಿಸುವ ಕೋಡ್ ಎಲ್ಲವನ್ನೂ ವ್ಯೂ ಕಂಟ್ರೋಲರ್‌ನಲ್ಲಿ ಸುರಿಯದೆ, ರೆಂಡರರ್ ಎಂಬ ಪ್ರತ್ಯೇಕ ವರ್ಗಕ್ಕೆ ಒಪ್ಪಿಸಬೇಕು. ಅದಕ್ಕೆ ಯುಐಕಿಟ್‌ನ ಗಂಧವೂ ತಾಕಬಾರದು: ಎಲ್ಲಿ ಬಿಡಿಸಬೇಕೆಂದು ಹೇಳುವ ರೆಂಡರ್ ಪಾಸ್ ಡಿಸ್ಕ್ರಿಪ್ಟರ್, ಪಿಕ್ಸೆಲ್‌ಗಳಲ್ಲಿ ಅಳತೆ, ಸಮಯ ಮತ್ತು ತೋರಿಸಬೇಕಾದ ದತ್ತಾಂಶ, ಇಷ್ಟನ್ನು ಪಡೆದು ಕಮಾಂಡ್‌ಗಳನ್ನು ಬರೆಯುವುದಷ್ಟೇ ಅದರ ಕೆಲಸ. ಹೀಗಿದ್ದರೆ ಪರದೆಯೇ ಇಲ್ಲದೆ ಒಂದು ಟೆಕ್ಸ್ಚರ್‌ಗೆ ಬಿಡಿಸಿ ಪರೀಕ್ಷಿಸಬಹುದು. ನಾಳೆ ಅದೇ ರೆಂಡರರ್ ಅನ್ನು ಮ್ಯಾಕ್‌ಗೂ ಒಯ್ಯಬಹುದು.

ಜಿಪಿಯುವನ್ನು ಪ್ರತಿನಿಧಿಸುವ ಡಿವೈಸ್ ಮತ್ತು ಅದಕ್ಕೆ ಕೆಲಸವನ್ನು ಸಾಲಾಗಿ ಕಳಿಸುವ ಕಮಾಂಡ್ ಕ್ಯೂಗಳನ್ನು ಪ್ರತಿ ವ್ಯೂಗೂ ಹೊಸದಾಗಿ ಮಾಡಬೇಕಾಗಿಲ್ಲ. ಇಡೀ ಆ್ಯಪ್‌ಗೆ ಒಂದೊಂದಿದ್ದರೆ ಸಾಕು. ಶೇಡರ್, ಫಾರ್ಮ್ಯಾಟ್‌ಗಳ ಆಯ್ಕೆಯನ್ನು ಒಟ್ಟುಮಾಡಿದ ಪೈಪ್‌ಲೈನ್ ಸ್ಟೇಟ್‌ಗಳನ್ನು ಕಟ್ಟುವುದು ದುಬಾರಿಯಾದ್ದರಿಂದ ಅವನ್ನು ಮೊದಲೇ ಕಟ್ಟಿಟ್ಟುಕೊಳ್ಳಬೇಕು. ವ್ಯೂನ ಪಿಕ್ಸೆಲ್ ಫಾರ್ಮ್ಯಾಟ್ ಮತ್ತು ಪೈಪ್‌ಲೈನ್‌ಗೆ ಹೇಳಿದ ಫಾರ್ಮ್ಯಾಟ್ ಒಂದೇ ಆಗಿರಬೇಕು. ಡೆಪ್ತ್ ಫಾರ್ಮ್ಯಾಟ್‌ಗೂ, ಸ್ಯಾಂಪಲ್ ಸಂಖ್ಯೆಗೂ ಇದೇ ಮಾತು. ಎಂಟಿಕೆವ್ಯೂನಲ್ಲಿ ಡೆಪ್ತ್ ಫಾರ್ಮ್ಯಾಟ್ ಕೇಳಿದರೆ ಮಾತ್ರ ಸಿಗುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲಿ ಹೊಸಬರನ್ನು ಬಹಳ ಕಾಡಿಸುವ ಸಂಗತಿಯೊಂದಿದೆ. ಎಂಟಿಕೆವ್ಯೂ ತನ್ನ ಡೆಲಿಗೇಟ್ ಅನ್ನು (ಬಿಡಿಸುವ ಹೊತ್ತಿಗೆ ತಾನು ಕರೆಯುವ ವಸ್ತುವನ್ನು) ದುರ್ಬಲ ಉಲ್ಲೇಖವಾಗಿ, ಅಂದರೆ ವೀಕ್ ಆಗಿ ಹಿಡಿದಿಟ್ಟುಕೊಳ್ಳುತ್ತದೆ. ವ್ಯೂಡಿಡ್‌ಲೋಡ್‌ನೊಳಗೆ ಒಂದು ಸ್ಥಳೀಯ ಚರದಲ್ಲಿ ರೆಂಡರರ್ ಅನ್ನು ಸೃಷ್ಟಿಸಿ ಡೆಲಿಗೇಟ್‌ಗೆ ಕೊಟ್ಟರೆ, ಆ ವಿಧಾನ ಮುಗಿಯುತ್ತಿದ್ದಂತೆಯೇ ರೆಂಡರರ್ ಅಳಿದುಹೋಗುತ್ತದೆ. ಆಗ ದೋಷ ಸಂದೇಶ ಬರುವುದಿಲ್ಲ, ಆ್ಯಪ್ ಬೀಳುವುದೂ ಇಲ್ಲ. ಪರದೆ ಮಾತ್ರ ಖಾಲಿ. ರೆಂಡರರ್ ಅನ್ನು ವ್ಯೂ ಕಂಟ್ರೋಲರ್‌ನ ಗುಣವಾಗಿ ಇಟ್ಟುಕೊಂಡರೆ ಈ ಗೋಜು ಇರುವುದಿಲ್ಲ.

ಅಳತೆಯ ತೀರ್ಮಾನ ಯುಐಕಿಟ್‌ನದು

ಯುಐಕಿಟ್ ಪಾಯಿಂಟ್‌ಗಳಲ್ಲಿ ಯೋಚಿಸುತ್ತದೆ, ಮೆಟಲ್ ಪಿಕ್ಸೆಲ್‌ಗಳಲ್ಲಿ. ಐಫೋನ್ 14ರ ಪರದೆ ಯುಐಕಿಟ್‌ನ ದೃಷ್ಟಿಯಲ್ಲಿ 390 × 844 ಪಾಯಿಂಟ್. ಅದರ ಸ್ಕೇಲ್ 3 ಆಗಿರುವುದರಿಂದ ಮೆಟಲ್ ಬಿಡಿಸಬೇಕಾದದ್ದು 1170 × 2532 ಪಿಕ್ಸೆಲ್. ಎಂಟಿಕೆವ್ಯೂ ಈ ಗುಣಾಕಾರವನ್ನು ತಾನೇ ಮಾಡಿಕೊಳ್ಳುತ್ತದೆ. ಸ್ವಂತ ಉಪವರ್ಗವಾದರೆ ಲೇಯರ್‌ನ ಡ್ರಾಯಬಲ್‌ಸೈಜ್ ಎಂಬ ಗುಣಕ್ಕೆ ನೀವೇ ಮೌಲ್ಯ ಕೊಡಬೇಕು (ಡ್ರಾಯಬಲ್ ಎಂದರೆ ಒಂದು ಫ್ರೇಮ್ ಬಿಡಿಸಲು ಲೇಯರ್ ಕೊಡುವ ಜಾಗ). ಕೊಡುವುದನ್ನು ಮರೆತು, ಸ್ಕೇಲ್ ಕೂಡ 1 ಆಗಿಯೇ ಉಳಿದರೆ ಚಿತ್ರ ಕಾಣುತ್ತದೆ, ಆದರೆ ಮಸುಕಾಗಿ.

ಈ ಮೌಲ್ಯವನ್ನು ಕೊಡಬೇಕಾದ ಜಾಗ ವ್ಯೂಡಿಡ್‌ಲೋಡ್ ಅಲ್ಲ, ಏಕೆಂದರೆ ಆ ಹೊತ್ತಿಗೆ ಲೇಔಟ್ ಇನ್ನೂ ನಡೆದಿರುವುದಿಲ್ಲ ಮತ್ತು ವ್ಯೂನ ಅಳತೆ ಅಂತಿಮವಾಗಿರುವುದಿಲ್ಲ. ಲೇಔಟ್‌ಸಬ್‌ವ್ಯೂಸ್‌ನಲ್ಲಿ ಒಮ್ಮೆ, ಡಿಡ್‌ಮೂವ್‌ಟುವಿಂಡೋದಲ್ಲಿ ಇನ್ನೊಮ್ಮೆ ಲೆಕ್ಕಹಾಕುವುದು ಸರಿ. ಎರಡನೆಯದು ಬೇಕಾಗುವುದು ವಿಂಡೋ ಯಾವ ಪರದೆಯಲ್ಲಿದೆ ಎಂಬುದು ತಿಳಿದ ಮೇಲೆಯೇ ಸ್ಕೇಲ್ ತಿಳಿಯುವುದರಿಂದ. ಅಗಲವೋ ಎತ್ತರವೋ ಸೊನ್ನೆಯಾಗಿರುವ ಕ್ಷಣಗಳು ಲೇಔಟ್ ನಡೆಯುವಾಗ ಬಂದೇ ಬರುತ್ತವೆ. ಆಗ ಏನನ್ನೂ ಮಾಡದೆ ಹಿಂದಿರುಗಿ, ಸೊನ್ನೆ ಅಳತೆಯ ಟೆಕ್ಸ್ಚರ್ ಎಂಬುದು ಮೆಟಲ್‌ನಲ್ಲಿ ಇಲ್ಲ. ಅಳತೆ ನಿಜಕ್ಕೂ ಬದಲಾಗಿದ್ದರೆ ಮಾತ್ರ ಡೆಪ್ತ್ ಟೆಕ್ಸ್ಚರ್ ಅನ್ನು ಮರುಸೃಷ್ಟಿಸಿ. ಅಡ್ಡ-ಉದ್ದ ಅನುಪಾತವನ್ನು ಡ್ರಾಯಬಲ್‌ನ ಅಳತೆಯಿಂದಲೇ ತೆಗೆದುಕೊಳ್ಳಿ, ಇಲ್ಲವಾದರೆ ಗೋಳ ಮೊಟ್ಟೆಯಾಗುತ್ತದೆ.

ಪೂರ್ಣ ಅಳತೆಯಲ್ಲಿ ಬಿಡಿಸುವುದಕ್ಕೆ ತೆರಬೇಕಾದ ಬೆಲೆಯನ್ನೂ ನೋಡಬೇಕು. ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ 1170 × 2532ರ ಒಂದು ಚಿತ್ರಕ್ಕೆ ಸುಮಾರು 11.8 ಮೆಗಾಬೈಟ್ ಬೇಕು. ಲೇಯರ್ ಮೂರು ಡ್ರಾಯಬಲ್‌ಗಳನ್ನು ಇಟ್ಟುಕೊಂಡರೆ ಅದು 35 ಮೆಗಾಬೈಟ್ ದಾಟುತ್ತದೆ. ಶೇಡರ್ ಭಾರವಾಗಿದ್ದಲ್ಲಿ ಡ್ರಾಯಬಲ್ ಅನ್ನು 3ರ ಬದಲು 2ರ ಸ್ಕೇಲ್‌ನಲ್ಲಿಟ್ಟು, ಹಿಗ್ಗಿಸುವ ಕೆಲಸವನ್ನು ಕೋರ್ ಅನಿಮೇಶನ್‌ಗೆ ಬಿಡುವುದು ಪ್ರಾಮಾಣಿಕವಾದ ಪರಿಹಾರ. ಹೊಗೆ, ಮಬ್ಬು, ಗ್ರೇಡಿಯೆಂಟ್‌ಗಳಂಥ ಚಿತ್ರಗಳಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. ತೆಳುಗೆರೆಗಳಲ್ಲಿ, ಅಕ್ಷರಗಳಲ್ಲಿ ತಕ್ಷಣ ಬೀಳುತ್ತದೆ. ಎಂಟಿಕೆವ್ಯೂನಲ್ಲಿ ಹೀಗೆ ಮಾಡಲು ಆಟೋರೀಸೈಜ್‌ಡ್ರಾಯಬಲ್ ಅನ್ನು ಮೊದಲು ಸುಳ್ಳು ಎಂದಿಡಬೇಕು.

ಇನ್ನು ತಿರುಗಿಸುವಾಗ ಚಿತ್ರ ಎಳೆದುಕೊಳ್ಳುವ ವಿಚಾರ. ಯುಐಕಿಟ್‌ನ ಲೇಔಟ್ ಬದಲಾವಣೆಗಳೆಲ್ಲ ಒಂದು ಟ್ರ್ಯಾನ್ಸಾಕ್ಷನ್‌ನೊಳಗೆ ಸೇರಿ ಒಟ್ಟಿಗೆ ಪರದೆಗೆ ಹೋಗುತ್ತವೆ, ಆದರೆ ಮೆಟಲ್ ತನ್ನ ಚಿತ್ರವನ್ನು ಆ ಟ್ರ್ಯಾನ್ಸಾಕ್ಷನ್‌ಗೆ ಕಾಯದೆ ಬೇರೆಯಾಗಿ ಕಳಿಸುತ್ತದೆ. ಹೊಸ ಅಳತೆಯ ಚೌಕಟ್ಟಿನೊಳಗೆ ಹಳೆಯ ಅಳತೆಯ ಚಿತ್ರ ಸಿಕ್ಕಿಕೊಳ್ಳುವುದು ಈ ಅಂತರದಲ್ಲಿ. ಎರಡನ್ನೂ ಒಂದೇ ಹೆಜ್ಜೆಗೆ ತರಲು ಲೇಯರ್‌ನ ಪ್ರೆಸೆಂಟ್ಸ್‌ವಿತ್‌ಟ್ರ್ಯಾನ್ಸಾಕ್ಷನ್ ಗುಣವನ್ನು ನಿಜ ಎಂದಿಡಬೇಕು. ಆಗ ಒಪ್ಪಿಸುವ ಕ್ರಮವೂ ಬದಲಾಗುತ್ತದೆ: ಕಮಾಂಡ್ ಬಫರ್‌ಗೇ ಡ್ರಾಯಬಲ್ ಅನ್ನು ಒಪ್ಪಿಸಿ ಕಮಿಟ್ ಮಾಡುವ ವಾಡಿಕೆಯ ಕ್ರಮವನ್ನು ಬಿಟ್ಟು, ಮೊದಲು ಕಮಿಟ್ ಮಾಡಿ, ನಂತರ ವೇಟ್‌ಅಂಟಿಲ್‌ಶೆಡ್ಯೂಲ್ಡ್ ಕರೆದು ಕಾದು, ಕೊನೆಗೆ ಡ್ರಾಯಬಲ್‌ನ ಪ್ರೆಸೆಂಟ್ ಅನ್ನು ನೇರವಾಗಿ ಕರೆಯಬೇಕು. ಕಾಯುವುದಕ್ಕೆ ಖರ್ಚಿರುವುದರಿಂದ ಇದನ್ನು ಸದಾ ಹಚ್ಚಿಡದೆ, ಅಳತೆ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಬಳಸುವುದು ನನ್ನ ಆಯ್ಕೆ. ಮೂರು ಆಯಾಮದ ಮಾದರಿಯ ಒಂದು ಬಿಂದುವಿಗೆ ಅಂಟಿಕೊಂಡೇ ಚಲಿಸಬೇಕಾದ ಯುಐಲೇಬಲ್ ಇದ್ದಲ್ಲಿಯೂ ಇದೇ ಮದ್ದು. ಇದಿಲ್ಲದಿದ್ದರೆ ಲೇಬಲ್ ಮಾದರಿಗಿಂತ ಹೆಜ್ಜೆ ಹಿಂದೆ ಮುಂದೆ ಆಗಿ ತೂರಾಡುತ್ತದೆ.

ಗಡಿಯಾರ ಯಾರ ಕೈಯಲ್ಲಿ

ಮೊದಲು ಕೇಳಿಕೊಳ್ಳಬೇಕಾದದ್ದು, ಚಿತ್ರ ತಾನಾಗಿ ಬದಲಾಗುತ್ತಲೇ ಇರುತ್ತದೆಯೇ ಎಂದು. ಆಟಗಳಲ್ಲಿ, ಸಿಮ್ಯುಲೇಶನ್‌ಗಳಲ್ಲಿ ಹೌದು. ನಕ್ಷೆ, ಗ್ರಾಫ್, ಫೋಟೋ ಫಿಲ್ಟರ್‌ಗಳಲ್ಲಿ ಬಳಕೆದಾರರು ಏನಾದರೂ ಮಾಡಿದಾಗ ಮಾತ್ರ ಚಿತ್ರ ಬದಲಾಗುತ್ತದೆ, ಮತ್ತು ಮೆಟಲ್ ವ್ಯೂ ಇರುವ ಸಾಮಾನ್ಯ ಆ್ಯಪ್‌ಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ಅವುಗಳಲ್ಲೂ ಅದೇ ಚಿತ್ರವನ್ನು ಸೆಕೆಂಡಿಗೆ 60 ಸಲ ಬಿಡಿಸುತ್ತಿರುವುದು ಶುದ್ಧ ಪೋಲು. ಎಂಟಿಕೆವ್ಯೂನಲ್ಲಿ ಈಸ್‌ಪಾಸ್ಡ್ ಮತ್ತು ಎನೇಬಲ್‌ಸೆಟ್‌ನೀಡ್ಸ್‌ಡಿಸ್‌ಪ್ಲೇ ಎರಡನ್ನೂ ನಿಜ ಎಂದಿಟ್ಟರೆ, ನೀವು ಸೆಟ್‌ನೀಡ್ಸ್‌ಡಿಸ್‌ಪ್ಲೇ ಕರೆದಾಗ ಮಾತ್ರ ಅದು ಬಿಡಿಸುತ್ತದೆ; ಅಂದರೆ ಯುಐಕಿಟ್‌ನ ಉಳಿದ ವ್ಯೂಗಳ ಹಾಗೆಯೇ ನಡೆದುಕೊಳ್ಳುತ್ತದೆ.

ನಿರಂತರ ಚಲನೆ ಬೇಕೇಬೇಕು ಎಂದಾದರೆ ಸ್ವಂತ ಉಪವರ್ಗದಲ್ಲಿ, ಪರದೆ ಹೊಸದಾಗುವಾಗಲೆಲ್ಲ ನಮ್ಮ ಕೋಡ್ ಅನ್ನು ಕರೆಯುವ ಸಿಎಡಿಸ್‌ಪ್ಲೇಲಿಂಕ್ ಬಳಸಬೇಕು. ಸಾಧಾರಣ ಟೈಮರ್‌ಗೆ ಪರದೆಯ ತಾಳ ಗೊತ್ತಿರುವುದಿಲ್ಲ. ಡಿಸ್‌ಪ್ಲೇಲಿಂಕ್ ಅನ್ನು ರನ್‌ಲೂಪ್‌ಗೆ (ಥ್ರೆಡ್‌ಗೆ ಬರುವ ಘಟನೆಗಳನ್ನು ಒಂದೊಂದಾಗಿ ನಿಭಾಯಿಸುವ ಸುತ್ತು) ಸೇರಿಸುವಾಗ ಡಿಫಾಲ್ಟ್ ಮೋಡ್ ಬದಲು ಕಾಮನ್ ಮೋಡ್ ಆರಿಸಿ. ಬೆರಳು ಪಟ್ಟಿಯನ್ನು ಎಳೆಯುತ್ತಿರುವಾಗ ಮುಖ್ಯ ರನ್‌ಲೂಪ್ ಬೇರೆ ಮೋಡ್‌ಗೆ ಹೋಗುತ್ತದೆ, ಡಿಫಾಲ್ಟ್ ಮೋಡ್‌ನಲ್ಲಿರುವ ಲಿಂಕ್ ಆಗ ಸುಮ್ಮನಾಗುತ್ತದೆ. ಸ್ಕ್ರೋಲ್ ಮಾಡುವಾಗ ಅನಿಮೇಶನ್ ನಿಲ್ಲುವುದರ ಗುಟ್ಟು ಇಷ್ಟೇ. ಚಲನೆಯನ್ನು ಎಷ್ಟನೆಯ ಫ್ರೇಮ್ ಎಂದು ಎಣಿಸಿ ಲೆಕ್ಕಹಾಕದೆ, ಲಿಂಕ್ ಕೊಡುವ ಟಾರ್ಗೆಟ್‌ಟೈಮ್‌ಸ್ಟ್ಯಾಂಪ್‌ನಿಂದ ಲೆಕ್ಕಹಾಕಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ 16.67 ಮಿಲಿಸೆಕೆಂಡ್ ಸಿಗುತ್ತದೆ, 120 ಹರ್ಟ್ಸ್‌ನಲ್ಲಿ 8.33, ಎಣಿಕೆಯನ್ನೇ ನಂಬಿದ ಆಟ ಎರಡನೆಯದರಲ್ಲಿ ದುಪ್ಪಟ್ಟು ವೇಗವಾಗಿ ಓಡುತ್ತದೆ. ಐಓಎಸ್ 15ರಿಂದೀಚೆಗೆ ಬೇಕಾದ ವೇಗದ ವ್ಯಾಪ್ತಿಯನ್ನು ಪ್ರಿಫರ್ಡ್‌ಫ್ರೇಮ್‌ರೇಟ್‌ರೇಂಜ್ ಮೂಲಕ ತಿಳಿಸಬಹುದು. ಆದರೆ ಐಫೋನ್‌ಗಳಲ್ಲಿ 60ನ್ನು ಮೀರಬೇಕಾದರೆ ಇನ್ಫೋ ಪ್ಲಿಸ್ಟ್‌ನಲ್ಲಿ ಅದಕ್ಕೆಂದೇ ಇರುವ ಕೀಲಿಯನ್ನೂ ಸೇರಿಸಬೇಕು.

ಗಡಿಯಾರದ ಜೊತೆಗೇ ಬರುವುದು ಡ್ರಾಯಬಲ್‌ನ ಪ್ರಶ್ನೆ. ಲೇಯರ್‌ನ ಬಳಿ ಎರಡೋ ಮೂರೋ ಡ್ರಾಯಬಲ್‌ಗಳಷ್ಟೇ ಇರುತ್ತವೆ. ಎಲ್ಲವೂ ಬಳಕೆಯಲ್ಲಿರುವಾಗ ನೆಕ್ಸ್ಟ್‌ಡ್ರಾಯಬಲ್ ಕರೆದರೆ, ಒಂದು ಬಿಡುವಾಗುವವರೆಗೆ ಆ ಕರೆ ಅಲ್ಲೇ ನಿಲ್ಲುತ್ತದೆ. ಸೆಕೆಂಡ್ ಕಳೆದರೂ ಸಿಗದಿದ್ದರೆ ನಿಲ್ ಬರುತ್ತದೆ. ಕರೆದದ್ದು ಮುಖ್ಯ ಥ್ರೆಡ್‌ನಲ್ಲಾದರೆ ಅಷ್ಟು ಹೊತ್ತು ಬಟನ್ ಒತ್ತಿದರೂ ಓಗೊಡುವುದಿಲ್ಲ. ಆದ್ದರಿಂದ ಸಿಪಿಯು ಮಾಡಬೇಕಾದ ಲೆಕ್ಕಾಚಾರವನ್ನೂ, ಪರದೆಗೆ ಸಂಬಂಧವಿಲ್ಲದ ನೆರಳಿನ ಪಾಸ್‌ನಂಥ ಕೆಲಸವನ್ನೂ ಮೊದಲು ಮುಗಿಸಿ, ಡ್ರಾಯಬಲ್ ಅನ್ನು ಆದಷ್ಟು ತಡವಾಗಿ ಕೇಳಿ, ಆದಷ್ಟು ಬೇಗ ಬಿಟ್ಟುಕೊಡಬೇಕು. ಎಂಟಿಕೆವ್ಯೂ ಬಳಸುವವರು ಗಮನಿಸಬೇಕಾದದ್ದೇನೆಂದರೆ, ಕರೆಂಟ್‌ರೆಂಡರ್‌ಪಾಸ್‌ಡಿಸ್ಕ್ರಿಪ್ಟರ್ ಎಂಬ ಗುಣವನ್ನು ಓದಿದರೂ ಡ್ರಾಯಬಲ್ ಕೇಳಿದಂತೆಯೇ. ಅದನ್ನು ವಿಧಾನದ ಮೊದಲ ಸಾಲಿನಲ್ಲೇ ಗಾರ್ಡ್ (ಬೇಕಾದ್ದು ಸಿಗದಿದ್ದರೆ ಅಲ್ಲಿಂದಲೇ ಹಿಂದಿರುಗುವ ಸ್ವಿಫ್ಟ್ ಹೇಳಿಕೆ) ಹಾಕಿ ಓದುವ ಅಭ್ಯಾಸ ಮಾದರಿ ಕೋಡ್‌ಗಳಿಂದ ಬಂದದ್ದು. ನಿಜವಾದ ಆ್ಯಪ್‌ನಲ್ಲಿ ಅದು ಕೆಳಗಿಳಿಯಬೇಕು.

ಜಿಪಿಯು ಹಿಂದಿನ ಫ್ರೇಮ್‌ನ ಬಫರ್ ಓದುತ್ತಿರುವಾಗಲೇ ಸಿಪಿಯು ಅದರ ಮೇಲೆ ಹೊಸದನ್ನು ಬರೆಯದಂತೆ ತಡೆಯಲು, ಮೂರು ಬಫರ್‌ಗಳನ್ನಿಟ್ಟುಕೊಂಡು ಮೂರರ ಸೆಮಫೋರ್ (ಎಣಿಸಿ ಒಳಬಿಡುವ ತಡೆಗೇಟು) ಒಂದನ್ನು ಬಳಸುವುದು ರೂಢಿ. ಫ್ರೇಮ್‌ನ ಆರಂಭದಲ್ಲಿ ವೇಟ್, ಕಮಾಂಡ್ ಬಫರ್‌ನ ಮುಕ್ತಾಯದ ಹ್ಯಾಂಡ್ಲರ್‌ನಲ್ಲಿ ಸಿಗ್ನಲ್. ಇದರಲ್ಲಿ ಒಂದು ಬಿರುಕಿದೆ: ವೇಟ್ ಆದ ಮೇಲೆ ಡ್ರಾಯಬಲ್ ಸಿಗಲಿಲ್ಲವೆಂದು ಗಾರ್ಡ್‌ನಿಂದ ಹಾಗೇ ಹಿಂದಿರುಗಿದರೆ ಸಿಗ್ನಲ್ ಆಗುವುದೇ ಇಲ್ಲ. ಹೀಗೆ ಮೂರು ಸಲ ಆಯಿತೆಂದರೆ ನಾಲ್ಕನೆಯ ವೇಟ್ ಎಂದೂ ಮುಗಿಯದು, ಆ್ಯಪ್ ಅಲ್ಲಿಗೆ ಹೆಪ್ಪುಗಟ್ಟುತ್ತದೆ. ಮೊದಲೇ ಹಿಂದಿರುಗುವ ಪ್ರತಿಯೊಂದು ದಾರಿಯಲ್ಲೂ ಸಿಗ್ನಲ್ ಇರಬೇಕು. ಮುಕ್ತಾಯದ ಹ್ಯಾಂಡ್ಲರ್ ಓಡುವುದು ಮುಖ್ಯ ಥ್ರೆಡ್‌ನಲ್ಲಿ ಅಲ್ಲವಾದ್ದರಿಂದ ಅದರೊಳಗಿಂದ ವ್ಯೂಗಳನ್ನು ಮುಟ್ಟುವಂತಿಲ್ಲ.

ಸ್ಪರ್ಶ, ಪಾರದರ್ಶಕತೆ

ಯುಐಕಿಟ್‌ನಲ್ಲಿ ಮೂಲಬಿಂದು ಎಡ ಮೇಲ್ಮೂಲೆ, ವೈ ಕೆಳಮುಖ. ಮೆಟಲ್‌ನಲ್ಲಿ ಮೂಲಬಿಂದು ನಡುವೆ, ಎರಡೂ ದಿಕ್ಕಿನಲ್ಲಿ −1ರಿಂದ 1ರವರೆಗೆ, ವೈ ಮೇಲ್ಮುಖ. ಸ್ಪರ್ಶದ ಎಕ್ಸ್ ಅನ್ನು ಅಗಲದಿಂದ ಭಾಗಿಸಿ 2ರಿಂದ ಗುಣಿಸಿ 1 ಕಳೆಯಬೇಕು. ವೈಗೆ ಇದೇ ರೀತಿ ಎತ್ತರದಿಂದ ಭಾಗಿಸಿ 2ರಿಂದ ಗುಣಿಸಿದ್ದನ್ನು 1ರಿಂದ ಕಳೆಯಬೇಕು. 390 × 844ರ ವ್ಯೂನಲ್ಲಿ (195, 211)ರ ಮೇಲಿನ ಸ್ಪರ್ಶ (0, 0.5) ಆಗುತ್ತದೆ. ಎರಡೂ ಕಡೆ ಪಾಯಿಂಟ್‌ಗಳೇ ಇರುವುದರಿಂದ ಸ್ಕೇಲ್‌ನ ಗೊಡವೆ ಇಲ್ಲಿಲ್ಲ. ಮೆಟಲ್‌ನ ಆಳದ ವ್ಯಾಪ್ತಿ 0ಯಿಂದ 1. ಓಪನ್‌ಜಿಎಲ್‌ನ −1ರಿಂದ 1ರ ಪ್ರೊಜೆಕ್ಷನ್ ಮ್ಯಾಟ್ರಿಕ್ಸ್ ಅನ್ನು ಹಾಗೆಯೇ ತಂದರೆ ಹತ್ತಿರದ ವಸ್ತುಗಳು ಕತ್ತರಿಸಿಹೋಗುತ್ತವೆ. ಎಳೆಯುವುದು, ಚಿವುಟುವುದು ಮುಂತಾದವನ್ನು ಯುಐಕಿಟ್‌ನ ಜೆಶ್ಚರ್ ರೆಕಗ್ನೈಸರ್‌ಗಳಿಗೇ ಬಿಟ್ಟು, ರೆಂಡರರ್‌ಗೆ ಫಲಿತಾಂಶವನ್ನು ಮಾತ್ರ ಕೊಡಿ. ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್‌ಗೆ ಮೆಟಲ್ ವ್ಯೂ ಒಂದು ಖಾಲಿ ಆಯತವಷ್ಟೇ; ಒಳಗಿರುವುದನ್ನು ಹೆಸರಿಸುವ ಆ್ಯಕ್ಸೆಸಿಬಿಲಿಟಿ ಎಲಿಮೆಂಟ್‌ಗಳನ್ನು ನಾವೇ ಕೊಡಬೇಕು. ಹೆಚ್ಚಿನವರು ಇದನ್ನು ಕೊಡುವುದಿಲ್ಲ.

ಹಿಂದಿನ ವ್ಯೂ ಕಾಣಬೇಕಾದರೆ ಈಸ್‌ಒಪೇಕ್ ಅನ್ನು ಸುಳ್ಳು ಎಂದಿಟ್ಟು, ಕ್ಲಿಯರ್ ಬಣ್ಣದ ಆಲ್ಫಾವನ್ನು 0 ಮಾಡಿ. ಕೋರ್ ಅನಿಮೇಶನ್ ಬಯಸುವುದು ಆಲ್ಫಾದಿಂದ ಮೊದಲೇ ಗುಣಿಸಿದ ಬಣ್ಣಗಳನ್ನು. ಶೇಡರ್ ಹಾಗೆ ಕೊಡದಿದ್ದರೆ ಅರೆಪಾರದರ್ಶಕ ಅಂಚುಗಳು ಇರಬೇಕಾದ್ದಕ್ಕಿಂತ ಬೆಳ್ಳಗೆ ಹೊಳೆಯುತ್ತವೆ.

ಸ್ವಿಫ್ಟ್‌ಯುಐ ಆದರೆ

ಆ್ಯಪ್‌ನ ಪರದೆಗಳನ್ನು ಕಟ್ಟಲು 2019ರಲ್ಲಿ ಬಂದ ಸ್ವಿಫ್ಟ್‌ಯುಐ ಒಳಗೆ ಮೆಟಲ್ ವ್ಯೂ ಅನ್ನು ಯುಐವ್ಯೂರೆಪ್ರೆಸೆಂಟಬಲ್ ಎಂಬ ಸೇತುವೆಯ ಮೂಲಕ ತರಬೇಕು. ಬರೇ ಬಣ್ಣ ಬದಲಿಸುವ, ಅಲೆಯಂತೆ ತಿರುಚುವ ಪರಿಣಾಮ ಸಾಕೆಂದಾದರೆ ಐಓಎಸ್ 17ರಿಂದ ಇರುವ ಕಲರ್‌ಎಫೆಕ್ಟ್, ಡಿಸ್ಟಾರ್ಷನ್‌ಎಫೆಕ್ಟ್, ಲೇಯರ್‌ಎಫೆಕ್ಟ್‌ಗಳೇ ಶೇಡರ್ ಅನ್ನು ನೇರವಾಗಿ ಒಪ್ಪಿಕೊಳ್ಳುತ್ತವೆ, ಸೇತುವೆ ಕಟ್ಟುವ ಶ್ರಮವೇ ಬೇಡ.

ಸೇತುವೆ ಬೇಕೆಂದಾದಾಗ ರೆಂಡರರ್ ಇರಬೇಕಾದ ಜಾಗ ಕೋಆರ್ಡಿನೇಟರ್, ಅಂದರೆ ವ್ಯೂ ಇರುವಷ್ಟು ಕಾಲ ಉಳಿಯುವ ಸಹಾಯಕ ವಸ್ತು. ರೆಪ್ರೆಸೆಂಟಬಲ್ ಸ್ವತಃ ಒಂದು ಸ್ಟ್ರಕ್ಟ್ ಆಗಿದ್ದು, ಆಗಾಗ ಹುಟ್ಟಿ ಅಳಿಯುತ್ತಿರುತ್ತದೆ. ಮೇಕ್‌ಯುಐವ್ಯೂ ಆ ವ್ಯೂನ ಬಾಳಿನಲ್ಲಿ ಒಮ್ಮೆ ಓಡುತ್ತದೆ, ಅಪ್‌ಡೇಟ್‌ಯುಐವ್ಯೂ ಎಷ್ಟು ಸಲ ಬೇಕಾದರೂ ಓಡಬಹುದು. ಎರಡನೆಯದರಲ್ಲಿ ಹೊಸ ಮೌಲ್ಯಗಳನ್ನು ದಾಟಿಸಿ ಸೆಟ್‌ನೀಡ್ಸ್‌ಡಿಸ್‌ಪ್ಲೇ ಕರೆಯುವುದರ ಹೊರತು ಮತ್ತೇನೂ ಇರಬಾರದು. ಇಫ್-ಎಲ್ಸ್‌ನ ಕವಲು ಬದಲಾದರೆ ಸ್ವಿಫ್ಟ್‌ಯುಐ ಹಳೆಯ ವ್ಯೂ ಅನ್ನು ಎಸೆದು ಹೊಸದನ್ನು ಕಟ್ಟುತ್ತದೆ, ಅದರೊಂದಿಗೆ ಕೋಆರ್ಡಿನೇಟರ್ ಕೂಡ ಹೋಗುತ್ತದೆ. ಪೈಪ್‌ಲೈನ್‌ಗಳನ್ನು ಇವೆರಡರ ಹೊರಗೆ, ಹಂಚಿಕೊಂಡ ವಸ್ತುವೊಂದರಲ್ಲಿ ಇಡಬೇಕೆಂದು ಹೇಳುವುದು ಇದಕ್ಕಾಗಿಯೇ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು: ಬಿಡಿಸುವ ವಿಧಾನದೊಳಗಿಂದ ಪ್ರತಿ ಫ್ರೇಮ್‌ಗೂ ಒಂದು ಸ್ಟೇಟ್ ಚರಕ್ಕೆ ಬರೆದರೆ, ಅದನ್ನು ಓದುವ ಬಾಡಿ ಕೂಡ ಪ್ರತಿ ಫ್ರೇಮ್‌ಗೂ ಮರುಲೆಕ್ಕವಾಗುತ್ತದೆ. ಫ್ರೇಮ್ ವೇಗವನ್ನು ತೋರಿಸುವ ಸಣ್ಣ ಲೇಬಲ್ ಒಂದು ಇಡೀ ಪುಟವನ್ನು ನಿಧಾನ ಮಾಡುವುದು ಹೀಗೆಯೇ.

ನಿಲ್ಲಿಸುವುದು

ಸಿಎಡಿಸ್‌ಪ್ಲೇಲಿಂಕ್ ತನ್ನ ಟಾರ್ಗೆಟ್ ಅನ್ನು ಬಲವಾಗಿ ಹಿಡಿದಿರುತ್ತದೆ, ರನ್‌ಲೂಪ್ ಲಿಂಕ್ ಅನ್ನು ಹಿಡಿದಿರುತ್ತದೆ. ವ್ಯೂ ತಾನೇ ಟಾರ್ಗೆಟ್ ಆಗಿದ್ದರೆ ಅದರ ಡಿಇನಿಟ್ (ವಸ್ತು ಅಳಿಯುವಾಗ ಓಡುವ ಕೋಡ್) ಎಂದಿಗೂ ಓಡದು, ಆದ್ದರಿಂದ ಇನ್‌ವ್ಯಾಲಿಡೇಟ್ ಕರೆಯನ್ನು ಡಿಇನಿಟ್‌ನಲ್ಲಿ ಇಡುವುದರಿಂದ ಪ್ರಯೋಜನವಿಲ್ಲ. ಡಿಡ್‌ಮೂವ್‌ಟುವಿಂಡೋದಲ್ಲಿ ವಿಂಡೋ ನಿಲ್ ಆಗಿದ್ದರೆ ಲಿಂಕ್ ಅನ್ನು ಇನ್‌ವ್ಯಾಲಿಡೇಟ್ ಮಾಡಿ, ಇದ್ದರೆ ಹೊಸದನ್ನು ಕಟ್ಟಿ. ಸ್ವಿಫ್ಟ್‌ಯುಐನಲ್ಲಿ ಡಿಸ್‌ಮ್ಯಾಂಟಲ್‌ಯುಐವ್ಯೂ ಇದಕ್ಕೆಂದೇ ಇದೆ.

ಐಓಎಸ್‌ನಲ್ಲಿ ಆ್ಯಪ್ ಹಿನ್ನೆಲೆಗೆ ಹೋದ ಮೇಲೆ ಜಿಪಿಯುಗೆ ಚಿತ್ರಣದ ಕೆಲಸ ಕೊಡಲು ಅನುಮತಿ ಇರುವುದಿಲ್ಲ; ಕೊಟ್ಟ ಕಮಾಂಡ್ ಬಫರ್ ದೋಷದೊಂದಿಗೆ ಹಿಂದಿರುಗುತ್ತದೆ. ಹಿನ್ನೆಲೆಗೆ ಸರಿಯುವ ಸೂಚನೆ ಬಂದಾಗ ಬಿಡಿಸುವುದನ್ನು ನಿಲ್ಲಿಸಿ, ಕೊನೆಯದಾಗಿ ಸಲ್ಲಿಸಿದ ಕಮಾಂಡ್ ಬಫರ್ ಶೆಡ್ಯೂಲ್ ಆಗುವವರೆಗೆ ಕಾದು, ನಂತರ ಹಿಂದಿರುಗಬೇಕು. ಐಪ್ಯಾಡ್‌ನಲ್ಲಿ ಒಂದೇ ಆ್ಯಪ್‌ಗೆ ಹಲವು ವಿಂಡೋಗಳಿರಬಹುದಾದ್ದರಿಂದ ಸೂಚನೆಯನ್ನು ಆ್ಯಪ್‌ನಿಂದಲ್ಲದೆ ಆಯಾ ಸೀನ್‌ನಿಂದ ಪಡೆಯುವುದು ಲೇಸು.

ಇಷ್ಟಾದ ಮೇಲೆ ಪರೀಕ್ಷೆಯನ್ನು ಎಕ್ಸ್‌ಕೋಡ್‌ನಲ್ಲಿ ಮೆಟಲ್ ಎಪಿಐ ವ್ಯಾಲಿಡೇಶನ್ ಹಚ್ಚಿ, ಸಿಮ್ಯುಲೇಟರ್‌ನಲ್ಲಲ್ಲದೆ ನಿಜವಾದ ಸಾಧನದ ಮೇಲೆ ಮಾಡಿ. ಪಟ್ಟಿಯನ್ನು ಎಳೆಯುತ್ತಿರುವಾಗಲೇ ಫೋನ್ ತಿರುಗಿಸಿ ನೋಡಿ, ಹಿನ್ನೆಲೆಗೆ ಕಳಿಸಿ ಮರಳಿ ತನ್ನಿ. ಕೊನೆಗೆ ರೆಂಡರರ್‌ನ ಡಿಇನಿಟ್‌ನಲ್ಲಿ ಒಂದು ಬ್ರೇಕ್‌ಪಾಯಿಂಟ್ ಇಟ್ಟು ಆ ಪುಟದಿಂದ ಹಿಂದೆ ಬನ್ನಿ. ಡಿಬಗ್ಗರ್ ಅಲ್ಲಿ ನಿಲ್ಲದೆ ಹೋದರೆ ಮೆಮೊರಿ ಗ್ರಾಫ್ ತೆರೆದು, ರೆಂಡರರ್ ಅನ್ನು ಇನ್ನೂ ಹಿಡಿದಿಟ್ಟಿರುವುದು ಡಿಸ್‌ಪ್ಲೇಲಿಂಕೋ, ಮುಕ್ತಾಯದ ಹ್ಯಾಂಡ್ಲರ್‌ನೊಳಗೆ ಬಲವಾಗಿ ಸಿಕ್ಕಿಕೊಂಡ ಸೆಲ್ಫೋ ಎಂಬುದನ್ನು ಹುಡುಕಿ ಆ ಹಿಡಿತವನ್ನು ತಪ್ಪಿಸಬೇಕು.